ರಾತ್ರಿ ಡ್ರೋನ್‌ಗೆ ಸ್ಟ್ರೋಬ್ ಲೈಟ್: ಹತ್ತು ಗ್ರಾಂ ಲೈಟು, ಹತ್ತಾರು ಲೆಕ್ಕ

ಹೊಳಲ್ಕೆರೆ, ಹೊಸದುರ್ಗದ ಅಡಿಕೆ ತೋಟ, ಹಿರಿಯೂರಿನ ದಾಳಿಂಬೆ, ಚಿತ್ರದುರ್ಗದ ಸುತ್ತಿನ ಶೇಂಗಾ ಹೊಲ, ಎಲ್ಲ ಕಡೆಯೂ ರೈತನಿಗೆ ನಿದ್ದೆ ಕೆಡಿಸೋದು ರಾತ್ರಿಯೇ. ಫಸಲು ಕೈಗೆ ಬರೋ ಹೊತ್ತಿಗೆ ಕಳ್ಳರ ಕಾಟ, ಶೇಂಗಾ ಕಾಯಿ ಕಟ್ಟೋ ಹೊತ್ತಿಗೆ ಕಾಡುಹಂದಿ, ಗುಡ್ಡದ ಅಂಚಿನಲ್ಲಿ ಕರಡಿ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ಟಾರ್ಚ್ ಹಿಡಿದು ಹೋಗಲೇಬೇಕು. ಹೀಗಾಗಿ ಕೈಯಲ್ಲಿ ಸಣ್ಣ ಕ್ಯಾಮೆರಾ ಡ್ರೋನ್ ಇರೋ ಯುವಕರಿಗೆ ಸಹಜವಾಗಿ ಬರೋ ಯೋಚನೆ: "ಒಂದು ಸ್ಟ್ರೋಬ್ ಲೈಟ್ ಅಂಟಿಸಿ ರಾತ್ರಿನೂ ಒಂದು ರೌಂಡ್ ಹೊಡೆಸಿದ್ರೆ ಹೇಗೆ?"

ಆನ್‌ಲೈನ್‌ನಲ್ಲಿ ಈ ಲೈಟು ಸುಲಭವಾಗಿ ಸಿಗುತ್ತೆ. ಬೆರಳ ತುದಿಯಷ್ಟು ಗಾತ್ರ, ಒಳಗೇ ಪುಟ್ಟ ಲಿಥಿಯಂ ಬ್ಯಾಟರಿ, ಮೊಬೈಲ್ ಚಾರ್ಜರ್‌ನಲ್ಲೇ ಚಾರ್ಜ್ ಆಗುತ್ತೆ. ಅಂಟಿಸೋದು ಎರಡು ನಿಮಿಷದ ಕೆಲಸ. ಆದರೆ ಆ ಎರಡು ನಿಮಿಷಕ್ಕೆ ಮುಂಚೆ ತೂಕದ ಲೆಕ್ಕ, ಕಾನೂನಿನ ಲೆಕ್ಕ, ನಮ್ಮ ಜಿಲ್ಲೆಯ ಆಕಾಶದ ಲೆಕ್ಕ ಮೂರನ್ನೂ ಹಾಕಬೇಕು. ಈ ವಾರ ಅದನ್ನೇ ಒಂದೊಂದಾಗಿ ನೋಡೋಣ.

ಸ್ಟ್ರೋಬ್ ಇರೋದು ನೋಡೋಕಲ್ಲ, ಕಾಣಿಸ್ಕೊಳ್ಳೋಕೆ

ಮೊದಲ ತಪ್ಪು ತಿಳಿವಳಿಕೆ ಇಲ್ಲೇ ಆಗೋದು. ಸ್ಟ್ರೋಬ್ ಹಾಕಿದ್ರೆ ಕೆಳಗಿನ ತೋಟ ಬೆಳಕಾಗಿ ಕಾಣುತ್ತೆ ಅಂತ ಹಲವರು ಅಂದ್ಕೊಂಡಿರ್ತಾರೆ. ಆಗಲ್ಲ. 30 ಮೀಟರ್ ಮೇಲಿಂದ ಈ ಪುಟ್ಟ ಎಲ್‌ಇಡಿ ಬೆಳಕು ನೆಲಕ್ಕೆ ಬರೋ ಹೊತ್ತಿಗೆ ಏನೂ ಉಳಿದಿರಲ್ಲ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ, ಅದು ಬೆಳಕಿನ ಗುಣ. ಸಾಮಾನ್ಯ ಡ್ರೋನ್ ಕ್ಯಾಮೆರಾಗೆ ಅಮಾವಾಸ್ಯೆ ರಾತ್ರಿ ಅಡಿಕೆ ತೋಟದೊಳಗೆ ಮನುಷ್ಯ ನಿಂತಿದ್ರೂ ಕಾಣಲ್ಲ, ಹಂದಿ ಇದ್ರೂ ಕಾಣಲ್ಲ. ಅದಕ್ಕೆ ಮೈಯ ಬಿಸಿ ಗುರುತಿಸೋ ಥರ್ಮಲ್ ಕ್ಯಾಮೆರಾ ಬೇಕು, ಅದರ ಬೆಲೆಯೇ ಬೇರೆ. ಥರ್ಮಲ್ ಇದ್ರೂ ದಟ್ಟ ಗರಿಗಳ ಅಡಿ ಇರೋದು ಮರೆಯಾಗೇ ಇರುತ್ತೆ.

ಹಾಗಾದ್ರೆ ಸ್ಟ್ರೋಬ್ ಯಾಕೆ? ಒಂದು, ಆಕಾಶದಲ್ಲಿ ಬರೋ ಬೇರೆ ವಿಮಾನ, ಹೆಲಿಕಾಪ್ಟರ್‌ಗೆ ನಿಮ್ಮ ಡ್ರೋನ್ ಕಾಣಲಿ ಅಂತ. ಎರಡು, ನಿಮ್ಮ ಡ್ರೋನ್ ಎಲ್ಲಿದೆ ಅಂತ ನಿಮಗೇ ಗೊತ್ತಾಗಲಿ ಅಂತ. ಮೂರು, ಬಿದ್ದುಹೋದ್ರೆ ಹುಡುಕೋಕೆ. ಮಿಣುಕೋ ಬೆಳಕನ್ನ ಕಣ್ಣು ಬೇಗ ಹಿಡಿಯುತ್ತೆ. ಒಂದೇ ಸಮ ಉರಿಯೋ ಲೈಟು ನಕ್ಷತ್ರದ ಜೊತೆ, ದೂರದ ಊರಿನ ಬೀದಿ ದೀಪದ ಜೊತೆ ಸೇರಿಹೋಗುತ್ತೆ.

ದೊಡ್ಡ ವಿಮಾನಗಳ ಡಿಕ್ಕಿ ತಡೆ ದೀಪ ನಿಮಿಷಕ್ಕೆ 40ರಿಂದ 100 ಸಲ ಮಿಣುಕಬೇಕು ಅನ್ನೋದು ಅಂತರರಾಷ್ಟ್ರೀಯವಾಗಿ ನಡೆದುಬಂದಿರೋ ಅಳತೆ. ಡ್ರೋನ್ ಲೈಟಿನಲ್ಲಿ ಹಲವು ಮೋಡ್ ಇದ್ರೆ ಸೆಕೆಂಡಿಗೆ ಒಂದು ಸಲದ ಆಸುಪಾಸು ಮಿಣುಕೋದನ್ನ ಇಟ್ಕೊಳ್ಳಿ. ಪಟಪಟ ಅಂತ ಮದುವೆ ಡಿಜೆ ಲೈಟಿನ ಥರ ಹೊಡೆಯೋ ಮೋಡ್ ಬೇಡ. ಬ್ಯಾಟರಿನೂ ಬೇಗ ಮುಗಿಯುತ್ತೆ, ನೋಡೋರ ಕಣ್ಣಿಗೂ ತೊಂದರೆ.

ಎಷ್ಟು ದೂರ ಕಾಣಬೇಕು?

ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ ರಾತ್ರಿ ಹಾರಿಸೋ ಡ್ರೋನ್‌ಗೆ 3 ಮೈಲಿ, ಅಂದ್ರೆ ಸುಮಾರು 4.8 ಕಿ.ಮೀ. ದೂರಕ್ಕೆ ಕಾಣೋ ಮಿಣುಕು ದೀಪ ಕಡ್ಡಾಯ. ಯುರೋಪ್‌ನಲ್ಲಿ 2022ರ ಜುಲೈನಿಂದ ರಾತ್ರಿ ಡ್ರೋನ್‌ಗೆ ಹಸಿರು ಮಿಣುಕು ದೀಪ ಕಡ್ಡಾಯ, ಕೆಳಗೆ ನಿಂತವನಿಗೆ "ಇದು ಡ್ರೋನ್, ವಿಮಾನ ಅಲ್ಲ" ಅಂತ ಗೊತ್ತಾಗಲಿ ಅಂತ.

ಈ 4.8 ಕಿ.ಮೀ. ಯಾಕೆ ಬೇಕು ಅನ್ನೋದಕ್ಕೆ ಸಣ್ಣ ಲೆಕ್ಕ. ಹೆಲಿಕಾಪ್ಟರ್ ಗಂಟೆಗೆ 216 ಕಿ.ಮೀ. ವೇಗದಲ್ಲಿ ಬರ್ತಿದೆ ಅಂದ್ಕೊಳ್ಳಿ, ಅಂದ್ರೆ ಸೆಕೆಂಡಿಗೆ 60 ಮೀಟರ್. 4.8 ಕಿ.ಮೀ. ದೂರದಲ್ಲೇ ಲೈಟು ಕಂಡ್ರೆ ಪೈಲಟ್‌ಗೆ 80 ಸೆಕೆಂಡ್ ಸಿಗುತ್ತೆ. ನಿಮ್ಮ ಡ್ರೋನಿನ ಕಾಲಲ್ಲಿರೋ ಸಣ್ಣ ಲೈಟು 500 ಮೀಟರ್‌ಗೆ ಮಾತ್ರ ಕಂಡ್ರೆ? ಎಂಟೇ ಸೆಕೆಂಡ್.

ಡಬ್ಬದ ಮೇಲೆ ಬರೆದಿರೋದನ್ನ ನಂಬ್ಕೊಂಡು ಕೂರಬೇಡಿ. ಹೊಲದಲ್ಲಿ ಗೆಳೆಯನ ಕೈಗೆ ಲೈಟು ಕೊಟ್ಟು ನೀವು ಬೈಕಿನಲ್ಲಿ ನೇರ ರಸ್ತೆಯಲ್ಲಿ ಹೋಗಿ. ಒಂದು ಕಿಲೋಮೀಟರ್, ಎರಡು, ಮೂರು, ಹೀಗೆ ನಿಂತು ನಿಂತು ಫೋನಲ್ಲಿ ಮಾತಾಡ್ಕೊಂಡು ನೋಡಿ. ಅವನು ಲೈಟನ್ನ ನಾಲ್ಕೂ ದಿಕ್ಕಿಗೆ ತಿರುಗಿಸಲಿ. ಎದುರಿಗೆ ಚೆನ್ನಾಗಿ ಕಂಡು ಪಕ್ಕದಿಂದ ಕಾಣದ ಲೈಟುಗಳೇ ಜಾಸ್ತಿ. ಪೆಟ್ರೋಲ್ ಖರ್ಚು ಬಿಟ್ಟರೆ ಈ ಪರೀಕ್ಷೆಗೆ ಬೇರೆ ಖರ್ಚಿಲ್ಲ.

ತೂಕದ ಲೆಕ್ಕ: 249 ಗ್ರಾಂನವರು ಇಲ್ಲಿ ನಿಲ್ಲಿ

ಇದು ಈ ಲೇಖನದ ಮುಖ್ಯ ಭಾಗ. 2021ರ ಆಗಸ್ಟ್ 25ಕ್ಕೆ ಬಂದ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ, ಅದಕ್ಕಿಂತ ಮೇಲೆ 2 ಕೆ.ಜಿ.ವರೆಗೆ ಮೈಕ್ರೋ, 2ರಿಂದ 25 ಕೆ.ಜಿ.ವರೆಗೆ ಸ್ಮಾಲ್. ಔಷಧಿ ಹೊಡೆಯೋ ಡ್ರೋನ್‌ಗಳಲ್ಲಿ ಹೆಚ್ಚಿನವು ಸ್ಮಾಲ್ ವರ್ಗದವು. ಇಲ್ಲಿ ಲೆಕ್ಕಕ್ಕೆ ಬರೋದು ಹಾರುವಾಗಿನ ಒಟ್ಟು ತೂಕ, ಮೇಲೆ ಹೊತ್ತ ಸಾಮಾನೂ ಸೇರಿ.

ಮಾರ್ಕೆಟ್‌ನಲ್ಲಿ ಬಹಳ ಜನ ಕೊಳ್ಳೋದು 249 ಗ್ರಾಂನ ಡ್ರೋನ್. ಕಂಪನಿಯವರು ಆ ತೂಕಕ್ಕೆ ನಿಲ್ಲಿಸಿರೋದೇ 250ರ ಗೆರೆ ದಾಟಬಾರದು ಅಂತ. ಸ್ಟ್ರೋಬ್ ಲೈಟಿನ ತೂಕ ಸಾಮಾನ್ಯವಾಗಿ 10ರಿಂದ 20 ಗ್ರಾಂ. 249ಕ್ಕೆ 12 ಸೇರಿಸಿದ್ರೆ 261. ಅಲ್ಲಿಗೆ ನಿಮ್ಮ ನ್ಯಾನೋ ಡ್ರೋನ್ ಮೈಕ್ರೋ ಆಯ್ತು.

ಇದರಿಂದ ಏನು ಬದಲಾಗುತ್ತೆ?

- ನ್ಯಾನೋಗೆ ಟೈಪ್ ಸರ್ಟಿಫಿಕೇಟ್ ಬೇಡ. ಮೈಕ್ರೋ ಆದ್ರೆ ಟೈಪ್ ಸರ್ಟಿಫಿಕೇಟ್ ಸಿಕ್ಕಿರೋ ಮಾಡೆಲ್ಲೇ ಆಗಿರಬೇಕು.
- ನ್ಯಾನೋಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ನಿಂದ ವಿನಾಯಿತಿ ಇದೆ. ಮೈಕ್ರೋಗೆ ಆ ವಿನಾಯಿತಿ ಇಲ್ಲ.
- ಸ್ವಂತಕ್ಕೆ, ದುಡ್ಡು ತಗೊಳ್ಳದೆ ಹಾರಿಸಿದ್ರೆ 2 ಕೆ.ಜಿ.ವರೆಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಡ. ಆದರೆ ಅದೇ ಮೈಕ್ರೋ ಡ್ರೋನನ್ನ ಪಕ್ಕದ ತೋಟ ಕಾಯೋಕೆ, ಮದುವೆ ಶೂಟಿಂಗ್‌ಗೆ ಬಾಡಿಗೆಗೆ ಹಾರಿಸಿದ್ರೆ ಸರ್ಟಿಫಿಕೇಟ್ ಬೇಕು.

ನಿಯಮ ಮೀರಿದ್ರೆ ದಂಡ ಒಂದು ಲಕ್ಷ ರೂಪಾಯಿವರೆಗೆ ಹೋಗಬಹುದು. ಇನ್ನೊಂದು ಮಾತು: 2022ರ ಫೆಬ್ರವರಿ 9ರಿಂದ ವಿದೇಶದ ಸಿದ್ಧ ಡ್ರೋನ್‌ಗಳ ಆಮದು ನಿಷೇಧದಲ್ಲಿದೆ, ಸಂಶೋಧನೆ, ರಕ್ಷಣೆ, ಭದ್ರತೆಯಂಥ ಉದ್ದೇಶಗಳಿಗೆ ಮಾತ್ರ ವಿನಾಯಿತಿ. "ಬಿಲ್ ಇಲ್ಲ, ಅಗ್ಗಕ್ಕೆ ಕೊಡ್ತೀನಿ" ಅನ್ನೋರ ಹತ್ತಿರ ಕೊಂಡರೆ ನಾಳೆ ಪೊಲೀಸ್ ಠಾಣೆಯಲ್ಲಿ ತೋರಿಸೋಕೆ ಕಾಗದ ಇರಲ್ಲ.

ಆದ್ದರಿಂದ ಲೈಟು ತರಿಸೋ ಮುಂಚೆ ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಡ್ರೋನ್ ತೂಗಿ. ಬ್ಯಾಟರಿ, ಮೆಮೊರಿ ಕಾರ್ಡ್, ರೆಕ್ಕೆ ಎಲ್ಲ ಸೇರಿಸಿ. 249 ಬಂದ್ರೆ ಸ್ಟ್ರೋಬ್ ಆಸೆ ಬಿಡಿ. ಇರೋ ಲೈಟಲ್ಲೇ, ಕತ್ತಲಾಗೋ ಮುಂಚೆ ಹಾರಿಸಿ ಇಳಿಸಿಬಿಡಿ. ಟೈಪ್ ಸರ್ಟಿಫಿಕೇಟ್ ಇರೋ ಮೈಕ್ರೋ ಡ್ರೋನ್ ಇದ್ರೆ ಮುಂದೆ ಓದಿ.

ರಾತ್ರಿ ಹಾರಿಸಬಹುದಾ?

2018ರ ಡಿಸೆಂಬರ್‌ನಿಂದ ಜಾರಿಯಲ್ಲಿದ್ದ ಹಳೇ ನಿಯಮದಲ್ಲಿ ಡ್ರೋನ್ ಹಾರಾಟ ಹಗಲಿಗೆ ಮಾತ್ರ ಅಂತ ಇತ್ತು. ಆಗಲೂ ನ್ಯಾನೋ ಬಿಟ್ಟು ಉಳಿದ ಡ್ರೋನ್‌ಗಳಿಗೆ ಮಿಣುಕು ದೀಪ ಇರಬೇಕಿತ್ತು. 2020ರಲ್ಲಿ ರಾಜಸ್ಥಾನದ ಕಡೆ ಮಿಡತೆ ದಂಡು ಬಂದಾಗ ಕೇಂದ್ರ ಸರ್ಕಾರ ಜೂನ್ 27ರಂದು ವಿಶೇಷ ಆದೇಶ ಮಾಡಿ, ಮಿಡತೆ ನಿಯಂತ್ರಣಕ್ಕೆ ರಾತ್ರಿನೂ ಡ್ರೋನ್ ಬಳಸೋಕೆ ಅನುಮತಿ ಕೊಟ್ಟಿತು. ಮಿಡತೆ ರಾತ್ರಿ ಒಂದೆಡೆ ಕೂತಿರುತ್ತೆ, ಆಗಲೇ ಔಷಧಿ ಹೊಡೆಯೋದು ಅನುಕೂಲ. ಸರ್ಕಾರಿ ಕೆಲಸಕ್ಕೂ ರಾತ್ರಿ ಹಾರಾಟಕ್ಕೆ ಬೇರೆಯೇ ಅನುಮತಿ ಬೇಕಾಗಿತ್ತು ಅನ್ನೋದನ್ನ ಗಮನಿಸಿ.

2021ರ ನಿಯಮ ಬೇರೆ ರೀತಿ ಇದೆ. ಅದು ಮುಖ್ಯವಾಗಿ ಆಕಾಶವನ್ನ ಹಸಿರು, ಹಳದಿ, ಕೆಂಪು ಅಂತ ವಲಯ ಮಾಡಿ ನಡೆಯುತ್ತೆ. ಹಸಿರು ವಲಯದಲ್ಲಿ 400 ಅಡಿ, ಅಂದ್ರೆ ಸುಮಾರು 120 ಮೀಟರ್‌ವರೆಗೆ ಅನುಮತಿ ಬೇಡ. ಹಳದಿಗೆ ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಕೆಂಪಿಗೆ ಕೇಂದ್ರ ಸರ್ಕಾರದ ಅನುಮತಿಯೇ ಬೇಕು. ಇದರ ಜೊತೆ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಒಂದು ಸಲಕ್ಕೆ 96 ಗಂಟೆವರೆಗೆ ಯಾವುದೇ ಜಾಗವನ್ನ ತಾತ್ಕಾಲಿಕ ಕೆಂಪು ವಲಯ ಮಾಡಬಹುದು. ಜಾತ್ರೆ, ಚುನಾವಣೆ, ಗಣ್ಯರ ಭೇಟಿ ಇರುವಾಗ ಇದನ್ನ ನೆನಪಿಟ್ಟುಕೊಳ್ಳಿ.

ಇನ್ನು ನಿಮ್ಮ ಡ್ರೋನಿನ ಕೈಪಿಡಿ ನೋಡಿ. ಹಗಲು ಮಾತ್ರ ಅಂತ ಅದರಲ್ಲಿ ಬರೆದಿದ್ರೆ ಸ್ಟ್ರೋಬ್ ಹಾಕಿದ ಮಾತ್ರಕ್ಕೆ ಅದು ರಾತ್ರಿ ಡ್ರೋನ್ ಆಗಲ್ಲ. ನಿಯಮಗಳು ಆಗಾಗ ಬದಲಾಗ್ತಾವೆ, ಹಾರಿಸೋ ದಿನವೇ ಡಿಜಿಟಲ್ ಸ್ಕೈ ಮ್ಯಾಪ್ ನೋಡೋದು ಅಭ್ಯಾಸ ಮಾಡ್ಕೊಳ್ಳಿ.

ನಮ್ಮ ಜಿಲ್ಲೆಯ ಆಕಾಶ ಖಾಲಿ ಇಲ್ಲ

"ನಮ್ಮೂರಲ್ಲಿ ಏರ್‌ಪೋರ್ಟ್ ಎಲ್ಲಿದೆ?" ಅಂತ ಕೇಳಬೇಡಿ. ಚಳ್ಳಕೆರೆ ತಾಲೂಕಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ ಇದೆ. ಸುಮಾರು 4,290 ಎಕರೆ ಜಾಗ, 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಉದ್ಘಾಟನೆ ಮಾಡಿದ್ದು. ದೇಶದ ಪೈಲಟ್‌ರಹಿತ ವಿಮಾನಗಳ ಪರೀಕ್ಷೆ ನಡೆಯೋದು ಇಲ್ಲೇ. 2022ರ ಜುಲೈ 1ರಂದು ಬಾಲ ಇಲ್ಲದ ರೆಕ್ಕೆ ಆಕಾರದ ಸ್ವಯಂಚಾಲಿತ ವಿಮಾನ ಮೊದಲ ಸಲ ಹಾರಿದ್ದು ಇಲ್ಲಿಂದ. ಇಸ್ರೋದ ಮರುಬಳಕೆ ಉಡಾವಣಾ ವಾಹನವನ್ನ ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಟ್ಟು, ಅದು ತಾನೇ ರನ್‌ವೇಗೆ ಬಂದು ಇಳಿದದ್ದೂ ಇಲ್ಲೇ, 2023ರ ಏಪ್ರಿಲ್ 2ರಂದು.

ಈ ಹಾರಾಟ ಚಳ್ಳಕೆರೆಯ ಬೇಲಿಯೊಳಗೇ ನಿಲ್ಲಲ್ಲ ಅನ್ನೋದು ನಮ್ಮ ರೈತರಿಗೆ ಗೊತ್ತಿರೋದೇ. 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಡ್ರೋನ್ ಜೋಡಿಚಿಕ್ಕೇನಹಳ್ಳಿ ಹತ್ತಿರ ಹೊಲದಲ್ಲಿ ಬಿತ್ತು. 2023ರ ಆಗಸ್ಟ್ 20ರಂದು ತಪಸ್ ಡ್ರೋನ್ ಹಿರಿಯೂರು ತಾಲೂಕಿನ ವದ್ದಿಕೆರೆ ಹತ್ತಿರ ಹೊಲಕ್ಕೇ ಬಂದು ಬಿತ್ತು. ಎರಡರಲ್ಲೂ ಯಾರ ಜೀವಕ್ಕೂ ಅಪಾಯ ಆಗಲಿಲ್ಲ. ಅಂದ್ರೆ ಹಿರಿಯೂರು, ಚಿತ್ರದುರ್ಗದ ಹೊಲಗಳ ಮೇಲೆ ನಿಜವಾದ ವಿಮಾನಗಳು ಓಡಾಡ್ತಾವೆ. ಅಂಥ ಕಡೆ ಲೈಟಿಲ್ಲದೆ ರಾತ್ರಿ ಡ್ರೋನ್ ಬಿಡೋದು, ಹೆಡ್‌ಲೈಟ್ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್‌ನ ಹೆದ್ದಾರಿಯಲ್ಲಿ ನಿಲ್ಲಿಸಿದ ಹಾಗೆ. ಲೈಟಿದ್ರೂ ದಾರಿ ಬಿಡಬೇಕಾದ್ದು ಯಾವಾಗಲೂ ಡ್ರೋನೇ. ಮನುಷ್ಯರಿರೋ ವಿಮಾನದ ಸದ್ದು ಕೇಳಿದ ತಕ್ಷಣ ಕೆಳಗಿಳಿಸಿ.

ಜೋಗಿಮಟ್ಟಿ ಕಡೆಯವರು ಇನ್ನೆರಡು ವಿಷಯ ನೋಡ್ಕೊಬೇಕು. ಗುಡ್ಡದ ಸಾಲಿನ ಗಾಳಿಯಂತ್ರಗಳ ಹತ್ತಿರ ಹೋಗಬೇಡಿ. ಕೆಂಪು ದೀಪ ಇರೋದು ನಡುವಿನ ಪೆಟ್ಟಿಗೆ ಮೇಲೆ, ತಿರುಗೋ ರೆಕ್ಕೆಗೆ ದೀಪ ಇರಲ್ಲ. ವನ್ಯಜೀವಿ ಧಾಮದ ಮೇಲೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಹಾರಿಸೋ ಯೋಚನೆಯೇ ಬೇಡ. ಕರಡಿ, ಚಿರತೆ ಮೇಲೆ ಮಿಣುಕು ದೀಪ ಇಳಿಸಿ ಓಡಿಸೋಕೆ ಹೋದ್ರೆ ಅದು ಪಕ್ಕದ ಹೊಲದಲ್ಲಿ ನೀರು ಹಾಯಿಸ್ತಿರೋ ಅಣ್ಣನ ಕಡೆಗೇ ನುಗ್ಗಬಹುದು. ಪ್ರಾಣಿ ಬಂದಿದೆ ಅಂತ ಗೊತ್ತಾದ್ರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಲೈಟು ಎಲ್ಲಿ, ಹೇಗೆ ಕೂರಿಸಬೇಕು

1. ಮೊದಲ ಲೈಟು ಮೇಲೆ, ಬೆನ್ನಿನ ಹಿಂಭಾಗದಲ್ಲಿ ಇರಲಿ. ಮೇಲಿಂದ ಬರೋ ವಿಮಾನಕ್ಕೆ ಕಾಣೋದು ಇದೇ. ಬಿಳಿ ಬಣ್ಣ ದೂರಕ್ಕೆ ಚೆನ್ನಾಗಿ ಕಾಣುತ್ತೆ.

2. ತೂಕ ತಾಳೋ ಡ್ರೋನ್ ಆದ್ರೆ ಎರಡನೇದು ಕೆಳಗೆ, ಕ್ಯಾಮೆರಾಗಿಂತ ಹಿಂದೆ. ಮುಂದೆ ಹಾಕಿದ್ರೆ ವಿಡಿಯೋ ತುಂಬ ಬೆಳಕು ಹೊಡೆಯುತ್ತೆ.

3. ಜಿಪಿಎಸ್ ಇರೋ ಜಾಗ, ಕೆಳಗಿನ ಸೆನ್ಸರ್, ಗಾಳಿ ಕಿಂಡಿ, ಬ್ಯಾಟರಿ ಲಾಕ್ ಮುಚ್ಚಬಾರದು. ಯಾವುದು ಎಲ್ಲಿದೆ ಅಂತ ಕೈಪಿಡಿಯ ಚಿತ್ರದಲ್ಲಿ ಇರುತ್ತೆ.

4. ಆಯಸ್ಕಾಂತದಿಂದ ಕಚ್ಚಿಕೊಳ್ಳೋ ಲೈಟು ಬೇಡ. ಡ್ರೋನಿನ ದಿಕ್ಸೂಚಿ ತಲೆ ಕೆಡುತ್ತೆ. ವೆಲ್ಕ್ರೋ ಪಟ್ಟಿ ಒಳ್ಳೇದು. ಅಂಟಿಸೋ ಮುಂಚೆ ಜಾಗವನ್ನ ಒಣಬಟ್ಟೆಯಲ್ಲಿ ಧೂಳಿಲ್ಲದ ಹಾಗೆ ಒರೆಸಿ. ಕೇಬಲ್ ಟೈ ಹಾಕಿದ್ರೆ ತುದಿ ಕತ್ತರಿಸಿ, ರೆಕ್ಕೆಗೆ ತಾಗಬಾರದು.

5. ಎರಡೂ ಪಕ್ಕಕ್ಕೆ ಭಾರ ಸಮ ಇರಬೇಕು. ಒಂದೇ ತೋಳಿಗೆ ಲೈಟು ಕಟ್ಟಿದ್ರೆ ಆ ಕಡೆ ಮೋಟರ್ ಇಡೀ ಹಾರಾಟ ಹೆಚ್ಚು ದುಡಿದು ಬಿಸಿಯಾಗುತ್ತೆ.

6. ದಿಕ್ಕು ಗೊತ್ತಾಗೋಕೆ ವಿಮಾನದ ಪದ್ಧತಿಯೇ ಸರಿ: ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದಕ್ಕೆ ಬಿಳಿ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು ಕಂಡ್ರೆ ಡ್ರೋನ್ ನಿಮ್ಮಿಂದ ದೂರ ಮುಖ ಮಾಡಿದೆ. ತಿರುಗಾಮುರುಗ ಕಂಡ್ರೆ ನಿಮ್ಮ ಕಡೆ ಬರ್ತಿದೆ.

7. ಲೈಟು ಆನ್ ಮಾಡಿ ನೆಲದ ಮೇಲೇ ಇಟ್ಟು ಆ್ಯಪ್‌ನಲ್ಲಿ ಎಷ್ಟು ಉಪಗ್ರಹ ಸಿಕ್ಕಿದೆ ನೋಡಿ. ಆಫ್ ಮಾಡಿ ಮತ್ತೆ ನೋಡಿ. ಆನ್ ಮಾಡಿದಾಗ ಸಂಖ್ಯೆ ಕುಸಿದರೆ ಲೈಟಿನ ಸರ್ಕ್ಯೂಟ್ ಜಿಪಿಎಸ್‌ಗೆ ಅಡ್ಡಿ ಮಾಡ್ತಿದೆ ಅಂತ ಅರ್ಥ. ಜಾಗ ಬದಲಿಸಿ, ಆದ್ರೂ ಆಗದಿದ್ರೆ ಆ ಲೈಟು ಬೇಡ.

8. ಮೊದಲ ಹಾರಾಟ ಹಗಲಿನಲ್ಲೇ. ಎರಡು ಮೀಟರ್ ಎತ್ತರದಲ್ಲಿ ಎರಡು ನಿಮಿಷ ನಿಲ್ಲಿಸಿ. ಇಳಿಸಿ, ನಾಲ್ಕೂ ಮೋಟರ್‌ಗಳ ಬಿಸಿ ಹೋಲಿಸಿ. ಆಮೇಲೆ ಮುಸ್ಸಂಜೆ, ಅದಾದ ಮೇಲೆ ರಾತ್ರಿ, 50 ಮೀಟರ್ ಒಳಗೆ.

ಕತ್ತಲಲ್ಲಿ ಡ್ರೋನೂ ಕುರುಡು, ನಮ್ಮ ಕಣ್ಣೂ ಅರೆಕುರುಡು

ಹಗಲು ನಿಮ್ಮನ್ನ ಕಾಪಾಡೋ ಅಡ್ಡಿ ತಪ್ಪಿಸೋ ಸೆನ್ಸರ್‌ಗಳಲ್ಲಿ ಹೆಚ್ಚಿನವು ಕ್ಯಾಮೆರಾ ಆಧಾರದವು. ಕತ್ತಲಲ್ಲಿ ಅವು ಕೆಲಸ ಮಾಡಲ್ಲ. ನೆಲ ನೋಡಿ ಒಂದೇ ಕಡೆ ನಿಲ್ಲೋ ಶಕ್ತಿಯೂ ಕಮ್ಮಿಯಾಗುತ್ತೆ. "ರಿಟರ್ನ್ ಹೋಮ್" ಒತ್ತಿದ್ರೆ ನೇರವಾಗಿ ಬರುತ್ತೆ, ನಡುವೆ ತೆಂಗಿನ ಮರ ಇದ್ರೂ, ಕರೆಂಟ್ ತಂತಿ ಇದ್ರೂ.

ಅದಕ್ಕೇ ಹಗಲಿನಲ್ಲಿ ಒಮ್ಮೆ ತೋಟ ಸುತ್ತಿ. ಅತಿ ಎತ್ತರದ ತೆಂಗು ಎಷ್ಟಿದೆ, ಬೋರ್‌ವೆಲ್‌ಗೆ ಎಳೆದ ತಂತಿ ಎಲ್ಲಿದೆ, ದೊಡ್ಡ ಲೈನಿನ ಟವರ್ ಎಷ್ಟು ಎತ್ತರ, ಮೊಬೈಲ್ ಟವರ್‌ಗೆ ಕಟ್ಟಿದ ತಂತಿ ಎಲ್ಲಿದೆ ಅಂತ ಗುರುತು ಮಾಡ್ಕೊಳ್ಳಿ. ಎಲ್ಲಕ್ಕಿಂತ ಎತ್ತರದ್ದಕ್ಕೆ ಇನ್ನೂ 15–20 ಮೀಟರ್ ಸೇರಿಸಿ ರಿಟರ್ನ್ ಎತ್ತರ ಇಡಿ, 120 ಮೀಟರ್ ಮೀರದ ಹಾಗೆ. ಇಳಿಸೋ ಜಾಗ ಕಣದಂಥ ಬಯಲಾಗಿರಲಿ, ಪಕ್ಕದಲ್ಲಿ ಒಂದು ಬಲ್ಬ್ ಉರಿಯಲಿ.

ನಮ್ಮ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳೋಕೆ 20–30 ನಿಮಿಷ ಬೇಕು. ಒಂದು ಸಲ ಪೂರ್ತಿ ಬ್ರೈಟ್‌ನೆಸ್‌ನಲ್ಲಿ ಫೋನ್ ನೋಡಿದ್ರೆ ಮತ್ತೆ ಮೊದಲಿಂದ. ಸ್ಕ್ರೀನ್ ಮಂಕಾಗಿಡಿ, ಟಾರ್ಚ್‌ಗೆ ಕೆಂಪು ಪ್ಲಾಸ್ಟಿಕ್ ಹಾಳೆ ಕಟ್ಟಿ. ಕಗ್ಗತ್ತಲಲ್ಲಿ ಒಂದೇ ಬೆಳಕನ್ನ ದಿಟ್ಟಿಸ್ತಾ ಇದ್ರೆ ನಿಂತಿರೋ ಬೆಳಕೂ ಚಲಿಸಿದ ಹಾಗೆ ಕಾಣುತ್ತೆ. ವಿಮಾನದ ಪೈಲಟ್‌ಗಳಿಗೂ ಇದರ ಬಗ್ಗೆ ಪಾಠ ಮಾಡ್ತಾರೆ. ಹಾಗಾಗಿ ಕಣ್ಣು ಆಚೀಚೆ ಓಡಿಸ್ತಾ ಇರಿ, ಮ್ಯಾಪ್ ಜೊತೆ ತಾಳೆ ನೋಡಿ.

ಸ್ಟ್ರೋಬ್ ಎರಡು ಕಿಲೋಮೀಟರ್ ದೂರದಿಂದ ಕಂಡ್ರೂ ಅಲ್ಲಿವರೆಗೆ ಕಳಿಸಬೇಡಿ. ಬೆಳಕು ಕಾಣೋದು ಬೇರೆ, ಡ್ರೋನಿನ ಮುಂದೆ ಏನಿದೆ ಅಂತ ಕಾಣೋದು ಬೇರೆ. 200–300 ಮೀಟರ್ ಸಾಕು. ಮಂಜು, ತುಂತುರು, ಆಷಾಢದ ಬಿರುಗಾಳಿ ಇದ್ರೆ ಬೇಡವೇ ಬೇಡ. ಮಂಜಿನಲ್ಲಿ ಸ್ಟ್ರೋಬ್ ಬೆಳಕು ವಾಪಸ್ ಕ್ಯಾಮೆರಾಗೇ ಹೊಡೆಯುತ್ತೆ.

ಔಷಧಿ ಹೊಡೆಯೋರಿಗೆ ಒಂದು ಮಾತು. ಗಾಳಿ ಇಲ್ಲದ ತಣ್ಣನೆ ರಾತ್ರಿ ಸ್ಪ್ರೇಗೆ ಒಳ್ಳೇದು ಅನ್ಸುತ್ತೆ. ಆದರೆ ಅಂಥ ರಾತ್ರಿ ನೆಲದ ಹತ್ತಿರ ತಂಪು ಗಾಳಿ, ಮೇಲೆ ಬಿಸಿ ಗಾಳಿ ಪದರ ಕಟ್ಟುತ್ತೆ. ಸಣ್ಣ ಹನಿಗಳು ಕೆಳಗೆ ಕೂರದೆ ತೇಲ್ತಾ ಪಕ್ಕದ ಹೊಲಕ್ಕೆ, ರೇಷ್ಮೆಯವರ ಹಿಪ್ಪುನೇರಳೆಗೆ ಹೋಗುತ್ತೆ. ಲೈಟು ಇದೆ ಅಂತ ರಾತ್ರಿ ಸ್ಪ್ರೇ ಮಾಡಬೇಡಿ. ಈ ಬಗ್ಗೆ ಸಂಶಯ ಇದ್ರೆ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಊರಿಗೆ ಹೇಳದೆ ಹಾರಿಸಬೇಡಿ

ರಾತ್ರಿ ಹನ್ನೊಂದಕ್ಕೆ ಮನೆ ಮೇಲೆ ಬಿಳಿ ದೀಪ ಮಿಣುಕ್ತಾ ಹೋದ್ರೆ ಊರಿನವರು ಏನಂದ್ಕೊಬೇಕು? ಕಳ್ಳರು ಡ್ರೋನ್ ಬಿಟ್ಟು ಮನೆ ನೋಡ್ಕೊಂಡು ಹೋಗ್ತಾರೆ ಅನ್ನೋ ವದಂತಿ ಹಬ್ಬೋಕೆ ಒಂದು ವಾಟ್ಸಾಪ್ ಮೆಸೇಜ್ ಸಾಕು. ಆಮೇಲೆ ಕಲ್ಲು ಬೀಳೋದು ಡ್ರೋನಿಗೆ ಮಾತ್ರ ಅಲ್ಲ. ಅಕ್ಕಪಕ್ಕದ ತೋಟದವರಿಗೆ ಮೊದಲೇ ಹೇಳಿ, ಊರಿನ ಗ್ರೂಪಲ್ಲಿ ಹೊತ್ತು, ಜಾಗ, ನಿಮ್ಮ ಫೋನ್ ನಂಬರ್ ಹಾಕಿ, ಬೀಟ್ ಪೊಲೀಸರಿಗೆ ತಿಳಿಸಿ. ಮನೆ ಅಂಗಳ, ತಾರಸಿ, ಬಚ್ಚಲ ಕಡೆ ಕ್ಯಾಮೆರಾ ತಿರುಗಿಸಬೇಡಿ. ಅದು ಕೇಸ್ ಆಗೋ ವಿಷಯ. ಅಪಘಾತ ಏನಾದ್ರೂ ಆದ್ರೆ 48 ಗಂಟೆ ಒಳಗೆ ಡಿಜಿಟಲ್ ಸ್ಕೈ ಮೂಲಕ ಡಿಜಿಸಿಎಗೆ ವರದಿ ಕೊಡಬೇಕು ಅನ್ನೋದು ನಿಯಮ.

ಕಳ್ಳ ಕಂಡ್ರೂ ಡ್ರೋನ್ ಅವನ ತಲೆ ಮೇಲೆ ಇಳಿಸೋಕೆ ಹೋಗಬೇಡಿ. 112ಕ್ಕೆ ಫೋನ್ ಮಾಡಿ, ನಾಲ್ಕು ಜನ ಸೇರಿ ಹೋಗಿ.

ಹಾರಿಸೋ ಮುಂಚೆ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ

- ಲೈಟು ಸೇರಿ ಒಟ್ಟು ತೂಕ ಎಷ್ಟು? ಯಾವ ವರ್ಗ? ಕಾಗದ ಸರಿ ಇದೆಯಾ?
- ಇವತ್ತಿನ ಮ್ಯಾಪ್‌ನಲ್ಲಿ ಹೊಲ ಯಾವ ಬಣ್ಣದಲ್ಲಿದೆ?
- ಡ್ರೋನ್, ರಿಮೋಟ್, ಫೋನ್, ಸ್ಟ್ರೋಬ್, ನಾಲ್ಕೂ ಫುಲ್ ಚಾರ್ಜ್ ಇದೆಯಾ?
- ಲೈಟು ಎಳೆದು ನೋಡಿದ್ರೆ ಅಲುಗಾಡುತ್ತಾ?
- ರಿಟರ್ನ್ ಎತ್ತರ ಮರ, ತಂತಿಗಿಂತ ಮೇಲಿದೆಯಾ?
- ಪಕ್ಕದಲ್ಲಿ ಆಕಾಶ ನೋಡೋಕೆ ಇನ್ನೊಬ್ಬರು ಇದ್ದಾರಾ?
- ಊರಿನವರಿಗೆ ಹೇಳಿದ್ದೀರಾ?

ಒಂದಕ್ಕೆ "ಇಲ್ಲ" ಅಂತ ಬಂದ್ರೂ ಅವತ್ತು ಹಾರಿಸೋದು ಬೇಡ. ಬರೀ ತೋಟ ಕಾಯೋದೇ ಉದ್ದೇಶ ಆದ್ರೆ ಸೋಲಾರ್ ಬೀದಿ ದೀಪ, ಸಿಮ್ ಹಾಕೋ ಸಿಸಿ ಕ್ಯಾಮೆರಾ, ನಾಲ್ಕು ತೋಟದವರು ಸೇರಿ ಮಾಡೋ ಗಸ್ತು, ಇವು ಡ್ರೋನ್‌ಗಿಂತ ಕಡಿಮೆ ಖರ್ಚಿನಲ್ಲಿ ಇಡೀ ರಾತ್ರಿ ಕೆಲಸ ಮಾಡ್ತಾವೆ. ಡ್ರೋನ್ ಬ್ಯಾಟರಿ ಅರ್ಧ ಗಂಟೆಯ ಆಸುಪಾಸಿಗೆ ಮುಗಿಯುತ್ತೆ, ಕಳ್ಳ ಅದಾದ ಮೇಲೂ ಬರಬಹುದು. ಡ್ರೋನನ್ನ ಹಗಲಿಗೆ ಇಟ್ಕೊಳ್ಳಿ: ಎಲ್ಲಿ ಡ್ರಿಪ್ ಒಡೆದಿದೆ, ಯಾವ ಸಾಲಿನಲ್ಲಿ ಅಡಿಕೆ ಗರಿ ಹಳದಿಯಾಗಿದೆ, ಹಂದಿ ಯಾವ ಬದುವಿನಿಂದ ನುಗ್ಗಿದೆ ಅನ್ನೋದು ಬೆಳಗ್ಗೆ ಏಳು ಗಂಟೆಯ ಬೆಳಕಲ್ಲಿ ಹತ್ತೇ ನಿಮಿಷಕ್ಕೆ ಗೊತ್ತಾಗುತ್ತೆ.